ಹುಳಿಮಣ್ಣಿನ ಗಿಡ

ಊಟಿಯಿಂದ ತುಮಕೂರಿನವರೆಗೆ ಆ ಗಿಡ ಚನ್ನವೀರಯ್ಯ ಮೇಷ್ಟ್ರ ತೊಡೆಯ ಮೇಲೆಯೇ ಬಂದಿತ್ತು. ನಿವೃತ್ತ ಶಿಕ್ಷಕರ ಪ್ರವಾಸದ ಬಸ್ಸು ಅದು. ಮಿಕ್ಕವರೆಲ್ಲ ಚಾಕೊಲೇಟು, ನೀಲಗಿರಿ ಎಣ್ಣೆ, ಕ್ಯಾರೆಟ್ಟು ಅಂತ ಚೀಲ ತುಂಬಿಸಿಕೊಂಡರೆ, ಮೇಷ್ಟ್ರು ಮಾತ್ರ ಮೊಣಕಾಲೆತ್ತರದ ಒಂದು ಕ್ಯಾಮೆಲಿಯಾ ಗಿಡವನ್ನು ಕುಂಡ ಸಮೇತ ತಬ್ಬಿಕೊಂಡು ಕೂತಿದ್ದರು. ದಾರಿಯುದ್ದಕ್ಕೂ ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಅವರು ಮೊದಲು ನೋಡಿದ್ದು ಗಿಡವನ್ನು, ಆಮೇಲೆ ತಮ್ಮ ಸೊಂಟವನ್ನು.

ನರ್ಸರಿಯವನು ಗಿಡದ ಜೊತೆಗೆ ಉಪದೇಶವನ್ನೂ ಕೊಟ್ಟಿದ್ದ. "ಟೀ ಗಿಡದ ದಾಯಾದಿ ಸರ್ ಇದು. ಹಿಮ ಬಿದ್ರೂ ಸಾಯಲ್ಲ, ಸುಣ್ಣ ಬಿದ್ರೆ ಸಾಯ್ತದೆ. ಹುಳಿಮಣ್ಣು ಬೇಕು. ಹೂ ಮುಗಿದ ಮೇಲೆ ಗೊಬ್ಬರ ಶುರು ಮಾಡಿ, ಮಳೆಗಾಲ ಮುಗಿಯೋ ಹೊತ್ತಿಗೆ ನಿಲ್ಲಿಸಿ. ಚಳಿಯಲ್ಲಿ ಅದು ನಿದ್ದೆ ಮಾಡ್ತದೆ, ಆವಾಗ ತಿನ್ನಿಸಬೇಡಿ. ಪಾಕೆಟ್ ಮೇಲೆ ಒಂದು ಚಮಚ ಅಂತ ಬರೆದಿದ್ರೆ ನೀವು ಅರ್ಧ ಹಾಕಿ. ಕುಂಡದ ಗಿಡ, ಎಲ್ಲಿಗೆ ಓಡಿ ಹೋಗ್ತದೆ? ಹಾಕಿದ್ದೆಲ್ಲ ಅಲ್ಲೇ ಕೂರ್ತದೆ."

ಮೇಷ್ಟ್ರು ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಮೊದಲು ಕುಣಿಗಲ್‌ನಲ್ಲಿ, ಆಮೇಲೆ ಗುಬ್ಬಿಯಲ್ಲಿ, ಒಟ್ಟು ಮೂವತ್ಮೂರು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವರು. ಬರೆಯದಿದ್ದರೆ ಅವರಿಗೆ ಯಾವುದೂ ನಡೆದಂತೆಯೇ ಅಲ್ಲ. ಈಗ ತುಮಕೂರಿನ ಎಸ್.ಎಸ್. ಪುರಂನಲ್ಲಿ ಸ್ವಂತ ಮನೆ, ಮಹಡಿಯ ಮೇಲೆ ಮಗ ಬಸವಪ್ರಭು ಮತ್ತು ಸೊಸೆ ಅನುಪಮಾ. ಇಬ್ಬರೂ ಎಂಟು ಗಂಟೆಗೆಲ್ಲ ಒಂದೇ ಸ್ಕೂಟರಿನಲ್ಲಿ ಅಂತರಸನಹಳ್ಳಿಯ ಫ್ಯಾಕ್ಟರಿಗಳ ಕಡೆ ಹೊರಟರೆ ಮೇಲಿನ ಮನೆ ಖಾಲಿ. ಕೆಳಗೆ ಮೇಷ್ಟ್ರು, ಅವರ ಹೆಂಡತಿ ಸರ್ವಮಂಗಳಮ್ಮ, ಮತ್ತು ಬಾಗಿಲ ಪಕ್ಕದ ನೆರಳಿನಲ್ಲಿ ಕ್ಯಾಮೆಲಿಯಾ.

ಮೊದಲನೆಯ ಚಳಿಗಾಲ ಗಿಡ ಊಟಿಯ ಗತ್ತಿನಲ್ಲೇ ಇತ್ತು. ಮೂರು ಹೂ ಬಿಟ್ಟಿತು. ಅಚ್ಚ ಬಿಳಿ, ಪದರದ ಮೇಲೆ ಪದರ, ವಾಸನೆ ಮಾತ್ರ ಇಲ್ಲ. ಮೂರನೆಯ ಹೂವನ್ನು ವಾಕಿಂಗ್ ಗೆಳೆಯರಿಗೆ ಭಾನುವಾರ ತೋರಿಸಬೇಕೆಂದು ಮೇಷ್ಟ್ರು ಕಾದಿಟ್ಟಿದ್ದರು. ಶನಿವಾರ ಬೆಳಿಗ್ಗೆ ನೋಡಿದರೆ ಅದು ಸರ್ವಮಂಗಳಮ್ಮನ ಅಂಗೈಯ ಇಷ್ಟಲಿಂಗದ ಮೇಲಿತ್ತು. ಮೇಷ್ಟ್ರು ತುಟಿ ಪಿಟಕ್ಕೆನ್ನಲಿಲ್ಲ. ಹೆಂಡತಿಯ ಪೂಜೆಯ ವಿಷಯಕ್ಕೆ ಅವರು ಬಾಯಿ ಹಾಕುವುದಿಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಎರಡನೆಯ ಚಳಿಗಾಲ ಒಂದು ಮೊಗ್ಗೂ ಇಲ್ಲ. ವಾಕಿಂಗ್ ಗೆಳೆಯರಲ್ಲಿ ಸೋಮಶೇಖರ್ ಎನ್ನುವವರು ಗಣಿತದ ಮೇಷ್ಟ್ರು, ನಾಲಿಗೆ ಸ್ವಲ್ಪ ಉದ್ದ. "ಏನ್ರೀ ಚನ್ನವೀರಯ್ಯ, ನಿಮ್ಮ ಊಟಿ ರಾಣಿ ಮುನಿಸ್ಕೊಂಡ್ಳಾ?" ಎಂದು ಕೆರೆ ಏರಿಯ ಮೇಲೆ ದಿನಾ ಕೇಳುತ್ತಿದ್ದರು. ಮೇಷ್ಟ್ರು ನಗುತ್ತಿದ್ದರು, ಆದರೆ ಒಳಗೆ ಚುರ್ರೆನ್ನುತ್ತಿತ್ತು. ಈ ವಯಸ್ಸಿನಲ್ಲಿ ಮನುಷ್ಯನಿಗೆ ಯಾವುದರ ಮೇಲೆ ಆಸೆ ಕೂರುತ್ತದೆಂದು ಹೇಳಲಾಗದು. ಮಗನ ಕೆಲಸ, ಮನೆ, ಪಿಂಚಣಿ ಎಲ್ಲ ದಡ ಸೇರಿದ ಮೇಲೆ ಚನ್ನವೀರಯ್ಯನವರಿಗೆ ಉಳಿದಿದ್ದ ಆಸೆ ಇಷ್ಟೇ: ತಾವು ತಿನ್ನಿಸಿ ಬೆಳೆಸಿದ ಆ ಗಿಡ ತಮ್ಮ ಅಂಗಳದಲ್ಲಿ ಹೂ ಬಿಡಬೇಕು. ಊಟಿಯಿಂದ ಮೊಗ್ಗು ಹೊತ್ತು ತಂದ ಹೂವು ಲೆಕ್ಕಕ್ಕಿಲ್ಲ.

ಮೂರನೆಯ ವರ್ಷ, ಕಾರ್ತಿಕ ಮಾಸದಲ್ಲಿ, ನಾಲ್ಕು ಮೊಗ್ಗು ಕಾಣಿಸಿದವು. ಕಡಲೆಕಾಳಿನಷ್ಟಿದ್ದದ್ದು ನೋಡನೋಡುತ್ತ ಗೋಲಿಯಷ್ಟಾಯಿತು. ಮೇಷ್ಟ್ರು ಸೋಮಶೇಖರರಿಗೆ ಹೇಳಿಯೇಬಿಟ್ಟರು: "ಶಿವರಾತ್ರಿಗೆ ಮುಂಚೆ ಮನೆಗೆ ಬನ್ನಿ, ತೋರಿಸ್ತೀನಿ." ಹೇಳಿದ ವಾರಕ್ಕೇ ಎಲೆ ಹಳದಿಗೆ ತಿರುಗಿತು. ನರ ಹಸಿರು, ನರದ ನಡುವೆ ಹಳದಿ. ಮೇಷ್ಟ್ರು ಕ್ಯಾಲೆಂಡರು ತಿರುಗಿಸಿ ನೋಡಿದರು. ಗೊಬ್ಬರ ಹೊತ್ತಿಗೆ ಸರಿಯಾಗಿ ಹಾಕಿದ್ದರು, ಹೊತ್ತಿಗೆ ಸರಿಯಾಗಿ ನಿಲ್ಲಿಸಿದ್ದರು. ನಲ್ಲಿ ನೀರಿನಲ್ಲಿ ಸುಣ್ಣದ ಅಂಶವಿರುತ್ತದೆಂದು ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನೇ ಹಾಕುತ್ತಿದ್ದರು. ಇಷ್ಟು ಮಾಡಿದರೂ ಗಿಡ ಹೀಗೆ ಮಾಡಿದರೆ ಯಾರನ್ನು ಕೇಳುವುದು?

ಕದರಯ್ಯನನ್ನು ಕೇಳಬೇಕು. ಗುಬ್ಬಿಯಲ್ಲಿ ಅವರ ಶಿಷ್ಯ, ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಆಮೇಲೆ ನರ್ಸರಿ ಹಾಕಿ ಚೆನ್ನಾಗಿ ಬಾಳುತ್ತಿದ್ದಾನೆ. ಮೇಷ್ಟ್ರು ಎರಡು ಹಳದಿ ಎಲೆಯನ್ನು ಪೇಪರಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಕದರಯ್ಯ ಎಲೆಯನ್ನು ಬಿಸಿಲಿಗೆ ಹಿಡಿದ. "ಹಸಿವಲ್ಲ ಮೇಷ್ಟ್ರೇ ಇದು. ಮುಂದೆ ಊಟ ಇಟ್ಟೈತೆ, ಬಾಯಿಗೆ ಹೋಗ್ತಿಲ್ಲ. ಮಣ್ಣು ಸುಣ್ಣದಂಗಾಗೈತೆ. ಬುಡಕ್ಕೆ ಬೂದಿ ಗೀದಿ ಹಾಕ್ತೀರಾ?"

"ನಾನಾ? ವಿಜ್ಞಾನದ ಮೇಷ್ಟ್ರು ಕಣೋ ನಾನು."

"ಮತ್ತೆ ಯಾರೋ ಹಾಕವ್ರೆ ಬುಡಿ. ಮಣ್ಣು ಪೂರ್ತಿ ತೆಗೆದು ಎಲೆಗೊಬ್ಬರ, ತೊಳೆದ ತೆಂಗಿನನಾರಿನ ಪುಡಿ ಹಾಕಿ ಕೂರಿಸ್ಬೇಕು. ಅದಕ್ಕೂ ಮೊದ್ಲು ಬೂದಿ ಹಾಕೋರು ಯಾರು ಅಂತ ಹಿಡೀರಿ. ಇಲ್ದಿದ್ರೆ ಹೊಸ ಮಣ್ಣೂ ಅದೇ ದಾರಿ."

ಮೇಷ್ಟ್ರು ಮನೆಗೆ ಬಂದು, ಮಕ್ಕಳಿಗೆ ಮಾಡಿ ತೋರಿಸುತ್ತಿದ್ದ ಪ್ರಯೋಗವನ್ನೇ ಮಾಡಿದರು. ಕೆಂಪು ದಾಸವಾಳದ ಎಸಳನ್ನು ಬಿಳಿ ಕಾಗದಕ್ಕೆ ಉಜ್ಜಿ, ಕುಂಡದ ಮಣ್ಣು ಕದಡಿದ ನೀರನ್ನು ಅದರ ಮೇಲೆ ಬಿಟ್ಟರು. ಹುಳಿಯಾಗಿದ್ದರೆ ಕೆಂಪೇರಬೇಕಿತ್ತು. ಕಾಗದ ಹಸಿರಾಯಿತು.

ಬೂದಿ ಹಾಕುವವರು ಯಾರೆಂದು ಹಿಡಿಯಲು ಎರಡು ದಿನವೂ ಬೇಕಾಗಲಿಲ್ಲ. ಬೆಳಗಿನ ಹೊತ್ತು ಮೇಷ್ಟ್ರು ಕೆರೆ ಏರಿಯ ಮೇಲಿರುತ್ತಾರೆ. ಅಂದು ಕಾಲು ಹಿಡಿದುಕೊಂಡಿದೆ ಎಂದು ಹೇಳಿ ಮನೆಯಲ್ಲೇ ಉಳಿದರು. ಕಿಟಕಿಯ ಪಕ್ಕ ಪೇಪರು ಹಿಡಿದು ಕೂತಿದ್ದಾಗ ಸರ್ವಮಂಗಳಮ್ಮ ಪೂಜೆ ಮುಗಿಸಿ ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದು ಬಂದರು. ಕ್ಯಾಮೆಲಿಯಾ ಮುಂದೆ ಬಗ್ಗಿದರು, ಎಲೆಗಳನ್ನು ಒಂದು ಕೈಯಿಂದ ಮೆಲ್ಲಗೆ ಸರಿಸಿದರು, ಬಟ್ಟಲನ್ನು ಬುಡಕ್ಕೆ ಬಗ್ಗಿಸಿದರು. ನೀರು ಹಾಲಿನ ಬಣ್ಣಕ್ಕಿತ್ತು. ಹಾಲಲ್ಲ, ವಿಭೂತಿ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಲಿಂಗಕ್ಕೆ ಮಜ್ಜನ ಮಾಡಿಸಿದ ನೀರು, ಅದರಲ್ಲಿ ತೊಳೆದಿಳಿದ ವಿಭೂತಿ, ಇಳಿಸಿದ ಪತ್ರೆ, ಇವನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಯಾರೂ ತುಳಿಯದ ಕಡೆ ಹಾಕಬೇಕು. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಬಿಲ್ವದ ಮರವಿತ್ತು, ಇಷ್ಟು ವರ್ಷ ಅದರ ಬುಡಕ್ಕೇ ಹೋಗುತ್ತಿತ್ತು. ಶ್ರಾವಣದಲ್ಲಿ ಸೈಟಿನವರು ಮನೆ ಕಟ್ಟಲು ಮರ ಕಡಿಸಿದರು. ಹಿತ್ತಲಲ್ಲಿ ತೆಂಗಿನಮರವೇನೋ ಇದೆ, ಆದರೆ ಅದರ ಬುಡದಲ್ಲೇ ಬಟ್ಟೆ ಒಗೆಯುವ ಕಲ್ಲು, ಸೋಪಿನ ನೀರು. ಇನ್ನು ಉಳಿದದ್ದು ಲಿಂಗಕ್ಕೆ ಹೂ ಕೊಟ್ಟ ಕ್ಯಾಮೆಲಿಯಾ. ಸರ್ವಮಂಗಳಮ್ಮನಿಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಾದರೂ ಎಲ್ಲಿ? ಗಿಡ ಹಳದಿಯಾಗುತ್ತಿರುವುದನ್ನು ಅವರೂ ನೋಡಿದ್ದರು. ನೋಡಿ, ವಿಭೂತಿ ತಟ್ಟೆ ತೊಳೆದ ನೀರನ್ನೂ ಅದಕ್ಕೇ ಹಾಕತೊಡಗಿದ್ದರು.

ಇಲ್ಲಿ ಯಾರಾದರೂ ಕೇಳಬಹುದು: ಗಂಡನಾದವನು ಹೋಗಿ ಒಂದು ಮಾತು ಹೇಳಿದರೆ ಮುಗಿಯಿತಲ್ಲ? ಮೇಷ್ಟ್ರಿಗೆ ಅದೊಂದೇ ಆಗದ ಕೆಲಸ.

ಅವರು ಕುಣಿಗಲ್‌ನಲ್ಲಿದ್ದ ಕಾಲ. ಬಸವಪ್ರಭು ಮೂರು ವರ್ಷದ ಮಗು, ಮೇಷ್ಟ್ರ ತಾಯಿ ಬದುಕಿದ್ದರು. ಒಂದು ಬೆಳಿಗ್ಗೆ ಹೆಂಡತಿ ಪೂಜೆಗೆ ಕೂತು ಹಣೆ, ತೋಳು, ಕೊರಳಿಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಮೇಷ್ಟ್ರು, "ಇಷ್ಟು ಬೂದಿ ಇದ್ದಿದ್ರೆ ಒಂದು ಹಂಡೆ ತಿಕ್ಕಬಹುದಿತ್ತು" ಎಂದುಬಿಟ್ಟರು. ಆಗ ಅವರಿಗೆ ಮೂವತ್ತೈದು ವರ್ಷ, ವಿಜ್ಞಾನದ ಮೇಷ್ಟ್ರು ಎಂಬ ಹಮ್ಮು. ತಾಯಿ ನಕ್ಕರು. ಸರ್ವಮಂಗಳಮ್ಮ ನಗಲಿಲ್ಲ. ಅಂದಿನಿಂದ ಒಂಬತ್ತು ದಿನ ಗಂಡನ ಜೊತೆ ಅವರು ಮಾತಾಡಲಿಲ್ಲ. ಹೊತ್ತಿಗೆ ಊಟ, ಹೊತ್ತಿಗೆ ಕಾಫಿ, ಇಸ್ತ್ರಿಯಾದ ಷರಟು ಎಲ್ಲ ಇತ್ತು, ಮಾತೊಂದು ಇಲ್ಲ. ಮೇಷ್ಟ್ರೂ ಕೇಳಲಿಲ್ಲ. ಕಾರಣ ಗೊತ್ತಿತ್ತಲ್ಲ, ಕೇಳುವುದೇನು?

ಹತ್ತನೆಯ ದಿನ ಸಂಜೆ ಮೇಷ್ಟ್ರು ಶಾಲೆಯಿಂದ ಬಂದಾಗ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು, "ನೀರು ಕಾದಿದೆ, ಸ್ನಾನ ಮಾಡಿ" ಎಂದರು. ಆ ಮಾತು ಮೇಷ್ಟ್ರ ಕಿವಿಯಲ್ಲಿ ಇಂದಿಗೂ ಇದೆ. ಮದುವೆಯ ದಿನದ ಸಂಭ್ರಮ ಮರೆತಿರಬಹುದು, ಮಗ ಹುಟ್ಟಿದ ವಾರ ಮರೆತಿರಬಹುದು, ಆ ಸಂಜೆಯ ಸ್ನಾನ ಮರೆತಿಲ್ಲ. ಅಷ್ಟು ಹಿತವಾದ ನೀರು ಆಮೇಲೆ ಮೈಮೇಲೆ ಬಿದ್ದದ್ದೇ ಇಲ್ಲವೆಂದು ಅವರ ಎಣಿಕೆ. ಬಚ್ಚಲಲ್ಲೇ ಅವರು ತೀರ್ಮಾನ ಮಾಡಿದ್ದು: ಇನ್ನು ಸಾಯುವತನಕ ಇವಳ ವಿಭೂತಿಯ ಮಾತೆತ್ತುವುದಿಲ್ಲ.

ಅದಕ್ಕೇ ಈಗಲೂ ಮಾತೆತ್ತಲಿಲ್ಲ. ಉಪಾಯ ಮಾಡಿದರು. ಮೊದಲು ಕುಂಡವನ್ನು ಮಹಡಿಯ ಮೆಟ್ಟಿಲ ತುದಿಗೆ ಸಾಗಿಸಿದರು, ಬಿಸಿಲು ಚೆನ್ನಾಗಿ ಬೀಳುತ್ತದೆ ಎಂಬ ನೆಪ ಹೇಳಿದರು. ಸರ್ವಮಂಗಳಮ್ಮ ಮಂಡಿ ನೋವಿನಲ್ಲೂ ಒಂದೊಂದೇ ಮೆಟ್ಟಿಲು ಹಿಡಿದು ಹತ್ತಿ ಬಟ್ಟಲು ಬಗ್ಗಿಸಿ ಬಂದರು. ಆ ಮಂಡಿಯನ್ನು ನೋಡಲಾರದೆ ಮೇಷ್ಟ್ರೇ ಕುಂಡವನ್ನು ಕೆಳಗಿಳಿಸಿದರು. ಆಮೇಲೆ ಬುಡಕ್ಕೆ ತೆಂಗಿನ ಸಿಪ್ಪೆ ಮುಚ್ಚಿದರು. ಸರ್ವಮಂಗಳಮ್ಮ ಸಿಪ್ಪೆ ಸರಿಸಿ ನೀರು ಹಾಕಿ, ಮತ್ತೆ ಮೊದಲಿನಂತೆಯೇ ಜೋಡಿಸಿಟ್ಟರು.

ಕೊನೆಗೆ ಮೇಷ್ಟ್ರಿಗೆ ತಮ್ಮ ವಿದ್ಯೆ ನೆನಪಾಯಿತು. ಪ್ರತ್ಯಾಮ್ಲಕ್ಕೆ ಆಮ್ಲ. ಬೆಳಿಗ್ಗೆ ಅವಳು ಬೂದಿನೀರು ಹಾಕಿದರೆ ಸಂಜೆ ತಾವು ನಿಂಬೆರಸ ಹಾಕಿದರಾಯಿತು, ಒಂದನ್ನೊಂದು ತಿಂದುಹಾಕುತ್ತವೆ. ಸರ್ವಮಂಗಳಮ್ಮ ಪಕ್ಕದ ರಸ್ತೆಯ ಮಂಜುಳಮ್ಮನವರ ಮನೆಗೆ ವಚನದ ಕೂಟಕ್ಕೆ ಹೋಗುವ ಹೊತ್ತಿಗೆ ದಿನಾ ಒಂದು ನಿಂಬೆಹಣ್ಣು. ಮೂರು ದಿನಕ್ಕೆ ದಾಸವಾಳದ ಕಾಗದ ಹಸಿರಾಗುವುದು ಬಿಟ್ಟಿತು. ಮೇಷ್ಟ್ರು ಬೀಗಿದರು. ಹೆಂಡತಿಯ ಪೂಜೆಗೂ ಕುಂದಿಲ್ಲ, ಗಿಡಕ್ಕೂ ಕುಂದಿಲ್ಲ, ಬಾಯಿ ಬಿಡುವ ಕಷ್ಟವೂ ಇಲ್ಲ.

ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಏನಾಗುತ್ತದೆಂದು ಅವರು ಮೂವತ್ಮೂರು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದರು. ಲವಣ ಮತ್ತು ನೀರು. ನೀರು ಆರಿ ಹೋಗುತ್ತದೆ, ಲವಣ ಕುಂಡದಲ್ಲೇ ಕೂರುತ್ತದೆ. ಹಾಕಿದ್ದೆಲ್ಲ ಅಲ್ಲೇ ಕೂರ್ತದೆ ಎಂದು ಊಟಿಯವನು ಹೇಳಿದ್ದು ಕ್ಯಾಲೆಂಡರಿನ ಹಿಂದೆ ಹಾಗೇ ಇತ್ತು, ಆದರೆ ಬೀಗುವವನು ಕ್ಯಾಲೆಂಡರು ತಿರುಗಿಸುವುದಿಲ್ಲ. ಎಲೆಯ ಅಂಚು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿತು. ಒಂದು ಮೊಗ್ಗು ಬಿತ್ತು. ನಾಲ್ಕು ದಿನ ಬಿಟ್ಟು ಇನ್ನೆರಡು.

ಮೂರನೆಯ ಮೊಗ್ಗು ಬಿದ್ದ ದಿನ ಸರ್ವಮಂಗಳಮ್ಮ ಕೂಟದಿಂದ ಬೇಗ ಬಂದರು. ಮೇಷ್ಟ್ರು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು.

"ಏನ್ರೀ ಅದು ಕೈಯಲ್ಲಿ?"

"ನಿಂಬೆಹಣ್ಣು."

"ಡಬ್ಬೀಲಿ ನಿಂಬೆಹಣ್ಣು ಖಾಲಿ ಆಗ್ತಿರೋದು ಇದಕ್ಕಾ? ಗಿಡಕ್ಕೆ ಯಾರ ದೃಷ್ಟಿ ತಗುಲ್ತು?"

ಮೇಷ್ಟ್ರು ಅರ್ಧ ಹಿಂಡಿದ ನಿಂಬೆಯನ್ನು ಹಿಡಿದುಕೊಂಡೇ ಎದ್ದರು. ಹೂಂ ದೃಷ್ಟಿ ಎಂದುಬಿಟ್ಟಿದ್ದರೆ ಅಂದಿಗೆ ಬಚಾವಾಗುತ್ತಿದ್ದರು. ಆದರೆ ಕಾಲಬುಡದಲ್ಲಿ ಬಿದ್ದಿದ್ದ ಮೊಗ್ಗು ಕಣ್ಣಿಗೆ ಬಿತ್ತು, ಸುಳ್ಳು ಬಾಯಿಗೆ ಬರಲಿಲ್ಲ. ತರಗತಿಯಲ್ಲಿ ಹೇಳುವ ಹಾಗೆ ಗೋಡೆ ನೋಡಿಕೊಂಡು ಹೇಳಿದರು. ಇದು ಹುಳಿಮಣ್ಣಿನ ಗಿಡ. ಬೂದಿ ಹುಳಿಯನ್ನು ಕೊಲ್ಲುತ್ತದೆ. ವಿಭೂತಿ ಎಂದರೆ ಬೂದಿ.

"ಅಂದ್ರೆ ನಾನು ಹಾಕೋ ನೀರು."

"ನೀರಲ್ಲ ಮಂಗಳ, ಅದರಲ್ಲಿರೋ..."

"ಗೊತ್ತಾಯ್ತು. ನಿಮಗೆ ಯಾವಾಗ ಗೊತ್ತಾಯ್ತು?"

"ಇಪ್ಪತ್ತೆರಡು ದಿನ ಆಯ್ತು."

ಸರ್ವಮಂಗಳಮ್ಮ ಬಗ್ಗಿ ಮೊಗ್ಗನ್ನು ಎತ್ತಿಕೊಂಡರು. "ಇಪ್ಪತ್ತೆರಡು ದಿನ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಬಂದು ನಾನು ಗಿಡ ಸಾಯಿಸ್ತಾ ಇದ್ದೆ, ನೀವು ಕಿಟಕೀಲಿ ಕೂತು ನೋಡ್ತಾ ಇದ್ರಿ."

"ಹೇಳಿದ್ರೆ ಮಾತು ಬಿಡ್ತೀಯ ಅಂತ."

"ಯಾರು ಬಿಟ್ಟಿದ್ರು?"

"ನೀನೇ. ಕುಣಿಗಲ್‌ನಲ್ಲಿ. ಒಂಬತ್ತು ದಿನ."

ಅವರು ಗಂಡನ ಮುಖವನ್ನೇ ನೋಡಿದರು. ಕೋಪದ ನೋಟವಲ್ಲ. ಬಹಳ ದಿನ ಕಾಣೆಯಾಗಿದ್ದ ಸಾಮಾನು ಇಲ್ಲೇ ಬಿದ್ದಿತ್ತಾ ಅನ್ನುವವರ ನೋಟ. "ಅದು ಬೂದಿ ಮಾತಿಗೆ ಅಂದ್ಕೊಂಡಿದೀರಾ ನೀವು?" ಎಂದರು. ಉತ್ತರಕ್ಕೆ ಕಾಯಲಿಲ್ಲ. "ಗಿಡಕ್ಕೆ ಆಗದ್ದನ್ನ ತಂದು ಸುರಿ ಅಂತ ಶಿವ ಹೇಳ್ತಾನಾ? ತೆಂಗಿಗೆ ಬೂದಿ ಆಗ್ತದಲ್ಲ, ಅದಕ್ಕೇ ಹಾಕ್ತೀನಿ. ಆ ಒಗೆಯೋ ಕಲ್ಲನ್ನ ಈಚೆಗೆ ಹಾಕ್ಸಿ. ಒಂದು ಕಲ್ಲು ಜರುಗಿಸೋ ಕೆಲಸ" ಎಂದು ಒಳಗೆ ಹೋದರು. ಕಾಫಿ ಪುಡಿ ಡಬ್ಬಿ ತೆರೆದ ಸದ್ದು ಕೇಳಿಸಿತು.

ಇಷ್ಟೇ ಆಗಿದ್ದು. ಮೂವತ್ತು ವರ್ಷ ಮೇಷ್ಟ್ರು ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೋ ಅದು ಒಂದು ನಿಮಿಷದಲ್ಲಿ ಮುಗಿದುಹೋಯಿತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಬೂದಿ ಮಾತಿಗೆ ಅಲ್ಲದಿದ್ದರೆ ಮತ್ಯಾವುದಕ್ಕೆ?

ಮೂರನೆಯ ದಿನ ಕದರಯ್ಯ ಒಂದು ಮೂಟೆ ಎಲೆಗೊಬ್ಬರ, ಒಂದು ಚೀಲ ನಾರಿನ ಪುಡಿಯನ್ನು ಗುಬ್ಬಿ ಬಸ್ಸಿಗೆ ಹಾಕಿ ಕಳಿಸಿದ. ಕಂಡಕ್ಟರ್ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಕೊಟ್ಟ. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂತರು. ಕುಂಡವನ್ನು ಮಲಗಿಸಿ, ಸುತ್ತ ತಟ್ಟಿ, ಗಿಡವನ್ನು ಎಳೆದರು. ಹಳೆಯ ಮಣ್ಣು ಮೇಲೆಲ್ಲ ಬಿಳಿಚಿಕೊಂಡಿತ್ತು. ಸರ್ವಮಂಗಳಮ್ಮ ಮಳೆನೀರಿನ ಬಕೆಟ್ಟಿನಲ್ಲಿ ಬೇರನ್ನು ಅದ್ದಿ ಅದ್ದಿ ತೊಳೆದರು, ಮಗುವಿನ ತಲೆ ತೊಳೆಯುವಷ್ಟು ಹುಷಾರಾಗಿ. ತುದಿಯಲ್ಲಿ ಒಂದೇ ಮೊಗ್ಗು ಉಳಿದಿತ್ತು. ಅದು ಅರಳುತ್ತದೋ ಇಲ್ಲವೋ ಹೇಳುವಂತಿರಲಿಲ್ಲ.

ಮೇಷ್ಟ್ರು ಗಿಡವನ್ನು ಕುಂಡದ ನಡುವೆ ನೆಟ್ಟಗೆ ಹಿಡಿದರು. ಹಿಡಿದುಕೊಂಡೇ ಕೇಳಿದರು. "ಮಂಗಳ, ಅವತ್ತು ಯಾಕೆ ಮಾತು ಬಿಟ್ಟಿದ್ದೆ?"

ಸರ್ವಮಂಗಳಮ್ಮ ನಾರಿನ ಪುಡಿಯನ್ನೂ ಎಲೆಗೊಬ್ಬರವನ್ನೂ ಕಲಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಟಿ.ಸಿ.ಎಚ್. ಸೀಟು ಬಂದಿತ್ತು, ಟೀಚರ್ ಟ್ರೈನಿಂಗಿಗೆ. ಪಿಯುಸೀಲಿ ಫಸ್ಟ್ ಕ್ಲಾಸ್ ಇತ್ತಲ್ಲ ನಂದು. ನಮ್ಮಣ್ಣನ ಕೈಲಿ ಅರ್ಜಿ ಹಾಕ್ಸಿದ್ದೆ, ಸಿಕ್ಕಿದ ಮೇಲೆ ನಿಮಗೆ ಹೇಳಣ ಅಂತ. ಕಾಗದ ಹಿಂದಿನ ಸಂಜೆ ಬಂತು. ಬೆಳಿಗ್ಗೆ ಪೂಜೆ ಮುಗಿಸಿ ನಿಮ್ಮ ಕೈಗೆ ಕೊಡಣ ಅಂತ ವಿಭೂತಿ ಡಬ್ಬಿ ಕೆಳಗೆ ಇಟ್ಕೊಂಡು ಕೂತಿದ್ದೆ. ನೀವು ಬಂದು ಹಂಡೆ ತಿಕ್ಕೋ ಮಾತಾಡಿದ್ರಿ. ಅತ್ತೆಯವ್ರು ನಕ್ರು. ನಂಗೆ ಬಾಯೇ ಬರ್ಲಿಲ್ಲ."

"ಆಮೇಲಾದ್ರೂ ಹೇಳ್ಬೋದಿತ್ತಲ್ಲ."

"ಕೇಳ್ತೀರಿ ಅಂತ ಇದ್ದೆ. ಯಾಕೆ ಹಿಂಗಿದೀಯ, ಏನಾಯ್ತು ಅಂತ ಒಂದ್ ಮಾತು. ಕೇಳಿದ್ರೆ ಕೊಡ್ತಿದ್ದೆ. ಸೇರಕ್ಕೆ ಹತ್ತು ದಿನ ಟೈಮ್ ಇತ್ತು."

ಆ ಹತ್ತು ದಿನವೂ ತಾವು ಕೇಳದೆ ಇದ್ದದ್ದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. "ಹತ್ತನೇ ದಿನ?" ಎಂದರು.

"ಸಂಜೆ ಐದು ಗಂಟೆವರೆಗೂ ನೋಡ್ದೆ. ಆಮೇಲೆ ಕಾಗದಾನ ಹಂಡೆ ಒಲೆಗೆ ಹಾಕ್ದೆ. ಅಷ್ಟು ಹೊತ್ತಿಗೆ ನೀವು ಬಂದ್ರಿ."

"ನೀರು ಕಾದಿದೆ ಅಂದೆ."

"ಹೂಂ, ಕಾದಿತ್ತು."

ಮೇಷ್ಟ್ರು ಗಿಡ ಹಿಡಿದುಕೊಂಡು ಹಾಗೇ ಕೂತಿದ್ದರು. ಅವರಿಗೆ ಅಳು ಬಂದಿತ್ತು. ಅಳುವ ಅಭ್ಯಾಸವಿಲ್ಲದ ಮನುಷ್ಯ, ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಬೇರನ್ನೇ ನೋಡಿದರು. ಮಹಡಿಯ ಮೇಲೆ ಮಗ ಟಿ.ವಿ. ಹಾಕಿದ್ದ.

"ಮಣ್ಣು ಹಾಕ್ರಿ," ಎಂದರು ಸರ್ವಮಂಗಳಮ್ಮ, ಕಾಂಡವನ್ನು ಅವರ ಕೈಯಿಂದ ತಾವು ತೆಗೆದುಕೊಳ್ಳುತ್ತ. "ಬೇರು ಒಣಗ್ತಾ ಇದೆ."

ಮೇಷ್ಟ್ರು ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡು ಹಾಕತೊಡಗಿದರು.